ಹೈಸ್ಕೂಲು ಬದಲಿಸಿದ ತಂದೆತಾಯಿಯ ಪರವಾಗಿ

ಎಂಟನೇ ತರಗತಿಗೆ ಬಂದ ಮಗನನ್ನೋ ಮಗಳನ್ನೋ ಹೆಸರುವಾಸಿ ಶಾಲೆಯಿಂದ ಬಿಡಿಸಿ, ತರಗತಿಗೆ ಹದಿನೈದಿಪ್ಪತ್ತು ಮಕ್ಕಳಷ್ಟೇ ಇರುವ, ವಿಶೇಷ ಶಿಕ್ಷಕರಿರುವ ಖಾಸಗಿ ಶಾಲೆಗೆ ಸೇರಿಸಿದ ತಂದೆತಾಯಿ ಎಲ್ಲರಿಂದಲೂ ಮಾತು ಕೇಳಬೇಕಾಗುತ್ತದೆ. ಮನೆಯ ಹಿರಿಯರು, ಹಳೇ ಶಾಲೆಯ ಮೇಷ್ಟರು, ಸರ್ಕಾರಿ ಶಾಲೆಯ ಪರ ನಿಂತ ಗೆಳೆಯರು ಯಾರೂ ಸುಮ್ಮನಿರುವುದಿಲ್ಲ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕಿರುವ ಮಕ್ಕಳಿಗೆ ಓದು ಬರಹ ಹೇಳಿಕೊಡುವುದೇ ನನ್ನ ಕೆಲಸ. ಆ ಮಾತುಗಳಿಗೆ ನಾನೂ ಉತ್ತರ ಕೊಡಬೇಕಿದೆ.

"ಹುಡುಗ ಸೋಮಾರಿ, ನಾಲ್ಕು ಬಿಗಿದರೆ ತಾನೇ ಓದುತ್ತಾನೆ" ಎನ್ನುವುದು ಮೊದಲನೆಯದು. ಒಂಬತ್ತನೇ ತರಗತಿಯ ಹುಡುಗನೊಬ್ಬ ಹೃದಯದ ಬಲಗಡೆಯಿಂದ ರಕ್ತ ಶ್ವಾಸಕೋಶಕ್ಕೆ ಹೋಗಿ, ಎಡಗಡೆಗೆ ಬಂದು, ಮೈಗೆಲ್ಲ ಹರಿಯುವುದನ್ನು ಮೇಜಿನ ಮೇಲೆ ಬೆರಳಾಡಿಸುತ್ತ ಒಂದು ತಪ್ಪೂ ಇಲ್ಲದೆ ನನಗೆ ಹೇಳಿದ. ಅದನ್ನೇ ಬರೆ ಎಂದೆ. ಹತ್ತು ನಿಮಿಷಕ್ಕೆ ಎರಡೂವರೆ ಸಾಲು. 'ರಕ್ತ' ಹೋಗಿ 'ರಕತ' ಆಗಿತ್ತು, 'ಶ್ವಾಸಕೋಶ'ದ ಒತ್ತು ಬಿದ್ದುಹೋಗಿ 'ಶಾಸಕೋಶ' ಉಳಿದಿತ್ತು. ಪೆನ್ನು ಒತ್ತಿ ಹಿಡಿದು ಬೆರಳ ತುದಿ ಬೆಳ್ಳಗಾಗಿತ್ತು. ಇದನ್ನು ಸೋಮಾರಿತನ ಎನ್ನುವವರು ಆ ಹತ್ತು ನಿಮಿಷ ಅವನ ಪಕ್ಕದಲ್ಲಿ ಕೂತು ನೋಡಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಕಲಿಕೆಯ ಈ ತೊಡಕೂ ಒಂದು. ಓದಿನಲ್ಲಿ ಡಿಸ್ಲೆಕ್ಸಿಯಾ, ಬರಹದಲ್ಲಿ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಿ ಡಿಸ್‌ಕ್ಯಾಲ್ಕುಲಿಯಾ ಎಂದು ಕಾಯ್ದೆ ಹೆಸರು ಹಿಡಿದೇ ಹೇಳಿದೆ. ದೊಡ್ಡವನಾದರೆ ಸರಿಹೋಗುತ್ತದೆ ಎನ್ನುವವರಿಗೂ ಒಂದು ಮಾತು. ಕಾಗುಣಿತ, ಒತ್ತು ಎಲ್ಲ ಕೈಗೆ ಹತ್ತಲು ಕನ್ನಡದ ಯಾವ ಮಗುವಿಗಾದರೂ ನಾಲ್ಕೈದನೇ ತರಗತಿ ಬರಬೇಕು, ನಿಜ. ಎಂಟನೆಯಲ್ಲೂ ಹತ್ತದಿದ್ದರೆ ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಇಂಥ ಮಕ್ಕಳಿಗೆ ಕೊಡುವ ಪರೀಕ್ಷೆಯ ರಿಯಾಯಿತಿ ಉಳಿದ ಮಕ್ಕಳಿಗೆ ಮಾಡಿದ ಅನ್ಯಾಯವಂತೆ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಕೇಂದ್ರ ಸರ್ಕಾರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಿ ಎನ್ನುತ್ತದೆ. ಪಕ್ಕದಲ್ಲಿ ಕೂತು ಬರೆದುಕೊಡುವವನು ಹುಡುಗ ಹೇಳಿದ್ದನ್ನಷ್ಟೇ ಬರೆಯುತ್ತಾನೆ, ಉತ್ತರ ಹುಡುಗನದೇ.

ಮುಕ್ತ ಶಾಲೆಯ, ಅಂದರೆ ಎನ್‌ಐಓಎಸ್‌ನ, ಸರ್ಟಿಫಿಕೇಟಿಗೆ ಬೆಲೆಯಿಲ್ಲ ಎಂಬ ಹೆದರಿಕೆ ಹಬ್ಬಿಸುವವರೂ ಇದ್ದಾರೆ. 1989ರಲ್ಲಿ ಕೇಂದ್ರ ಸರ್ಕಾರವೇ ಕಟ್ಟಿದ ರಾಷ್ಟ್ರೀಯ ಮಂಡಳಿ ಅದು. ಐದು ವಿಷಯ ತೆಗೆದುಕೊಂಡು, ಅದರಲ್ಲಿ ಒಂದೇ ಭಾಷೆ ಇಟ್ಟುಕೊಂಡು, ಐದು ವರ್ಷದೊಳಗೆ ಒಂಬತ್ತು ಸಲದ ಪರೀಕ್ಷೆಯಲ್ಲಿ ಹತ್ತನೆಯದನ್ನು ಮುಗಿಸಬಹುದು. ಮೂರು ಭಾಷೆಗಳ ಭಾರಕ್ಕೆ ಕುಸಿದಿದ್ದ ಮಕ್ಕಳು ಇಲ್ಲಿ ಪಾಸಾಗಿ ಪಿಯುಸಿಗೆ, ಅಲ್ಲಿಂದ ಡಿಗ್ರಿಗೆ ಹೋಗಿದ್ದಾರೆ. ಆದರೆ ತೊಡಕಿರುವ ಮಕ್ಕಳನ್ನೆಲ್ಲ ಸಾರಾಸಗಟಾಗಿ ಅತ್ತ ತಳ್ಳುವ ಶಾಲೆಯನ್ನು ನಾನು ಒಪ್ಪುವುದಿಲ್ಲ. ಸಿಬಿಎಸ್‌ಇಯಲ್ಲೂ ಇಂಥ ಮಕ್ಕಳು ಒಂದೇ ಭಾಷೆ ಓದಲು ಅವಕಾಶವಿದೆ. ಯಾವ ಮಗುವಿಗೆ ಯಾವ ದಾರಿ ಎಂದು ಒಬ್ಬೊಬ್ಬರನ್ನೂ ಕೂರಿಸಿಕೊಂಡು ನೋಡುವ ಶಾಲೆ ಬೇಕು.

"ದೊಡ್ಡ ಶಾಲೆಯ ಪೈಪೋಟಿಯಲ್ಲೇ ಗಟ್ಟಿಯಾಗಲಿ, ಮೆತ್ತಗೆ ಬೆಳೆಸಬೇಡಿ." ಕೇಳಲು ಚೆನ್ನಾಗಿದೆ. ಆ ದೊಡ್ಡ ಶಾಲೆ ಗೇಟಿಗೆ ಶೇಕಡಾ ನೂರು ಫಲಿತಾಂಶದ ಬ್ಯಾನರು ಕಟ್ಟುವುದು ಹೇಗೆಂದು ಈ ಕೆಲಸದಲ್ಲಿರುವ ನಮಗೆ ಗೊತ್ತು. ಒಂಬತ್ತನೆಯ ಕೊನೆಯಲ್ಲಿ ಪೋಷಕರನ್ನು ಕರೆದು, "ಹತ್ತನೆಯದನ್ನು ಬೇರೆ ಕಡೆ ಮಾಡಿಸಿಕೊಳ್ಳಿ" ಎಂದು ಟಿಸಿ ಕೈಗಿಡುವ ಶಾಲೆಗಳಿವೆ. ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಶಾಲೆಯಿಂದ ಹೊರಹಾಕದಂತೆ ತಡೆಯುವುದು ಎಂಟನೇ ತರಗತಿಯ ತನಕ ಮಾತ್ರ. ಒಂಬತ್ತರಲ್ಲಿ ಆ ಆಸರೆ ತಪ್ಪುತ್ತದೆ, ಹುಡುಗನಿಗೆ ಆಗ ಬರೀ ಹದಿನಾಲ್ಕು ವರ್ಷ. ಎಲ್ಲರೆದುರು ಗಟ್ಟಿಯಾಗಿ ಓದೆಂದು ನಿಲ್ಲಿಸಿದಾಗ ನಗೆಪಾಟಲಾದವನು, ಕೊನೆಗೆ ಶಾಲೆಯಿಂದಲೇ ಬೇಡವೆನಿಸಿಕೊಂಡವನು ಗಟ್ಟಿಯಾಗುವುದಿಲ್ಲ. ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ, ಹೊಟ್ಟೆನೋವೆಂದು ಸೋಮವಾರ ಮನೆಯಲ್ಲೇ ಉಳಿಯುತ್ತಾನೆ. ನನ್ನ ಬಳಿ ಬರುವ ಹದಿಹರೆಯದವರಲ್ಲಿ ಓದು ಕಲಿಸುವ ಮುಂಚೆ ಮಾತು ಬಿಡಿಸುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಇನ್ನುಳಿದದ್ದು ನನ್ನನ್ನೂ ಕಾಡುವ ಆಕ್ಷೇಪ. ಇದು ದುಡ್ಡಿದ್ದವರ ಪರಿಹಾರ, ಖಾಸಗಿ ಶಾಲೆಗೆ ಇದೊಂದು ವ್ಯಾಪಾರ, ಸರ್ಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳಲು ನೆಪ ಎನ್ನುತ್ತಾರೆ. ಅರ್ಧಕ್ಕಿಂತ ಹೆಚ್ಚು ಸತ್ಯ. ಬೋರ್ಡಿನ ಮೇಲೆ 'ಇನ್‌ಕ್ಲೂಸಿವ್' ಎಂದು ಬರೆಸಿ, ಮಗುವಿನ ಪಕ್ಕದಲ್ಲಿ ಕೂತು ನೆರವಾಗುವ ಶ್ಯಾಡೋ ಟೀಚರ್ ಸಂಬಳವನ್ನೂ ಪೋಷಕರ ತಲೆಗೇ ಕಟ್ಟುವ ಶಾಲೆಗಳನ್ನು ನಾನು ಸಮರ್ಥಿಸುವುದಿಲ್ಲ. ಅದಕ್ಕೇ ಶಾಲೆ ಹುಡುಕಲು ಹೊರಟವರಿಗೆ ನಾನು ಹೇಳುವುದು: ಈಜುಕೊಳ, ಸ್ಮಾರ್ಟ್ ಬೋರ್ಡು ನೋಡಬೇಡಿ. ವಿಶೇಷ ಶಿಕ್ಷಕರು ದಿನವಿಡೀ ಇರುತ್ತಾರೋ, ವಾರಕ್ಕೊಮ್ಮೆ ಮುಖ ತೋರಿಸುತ್ತಾರೋ ಕೇಳಿ. ಶಾಲೆಯ ಕಿರುಪರೀಕ್ಷೆಯಲ್ಲೂ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಕೊಡುತ್ತಾರೋ ಇಲ್ಲವೋ ಕೇಳಿ, ಏಕೆಂದರೆ ಬರೆದುಕೊಡುವವರಿಗೆ ಉತ್ತರ ಹೇಳುವುದನ್ನೂ ಮಕ್ಕಳು ಅಭ್ಯಾಸ ಮಾಡಬೇಕು. ರಿಯಾಯಿತಿಗಾಗಿ ಪರೀಕ್ಷಾ ಬೋರ್ಡಿಗೆ ಕಳಿಸುವ ಕಾಗದಪತ್ರ ಒಂಬತ್ತನೆಯಲ್ಲೇ ಸಿದ್ಧವಾಗುತ್ತದೋ, ಹಿಂದಿನ ವರ್ಷದ ಇಂಥ ಮಕ್ಕಳು ಈಗ ಎಲ್ಲಿ ಓದುತ್ತಿದ್ದಾರೋ ವಿಚಾರಿಸಿ. ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂರಲು ಬಿಡದ ಶಾಲೆಯಾದರೆ ಎದ್ದು ಬನ್ನಿ.

ಫೀಸು ಕಟ್ಟಲಾಗದ ಮನೆಯ ಮಗುವಿನ ಗತಿಯೇನು? ಸರ್ಕಾರದ ಅನುದಾನವೋ ಮಾನ್ಯತೆಯೋ ಇರುವ ಪ್ರತಿ ಶಾಲೆಗೂ 2016ರ ಕಾಯ್ದೆಯ 16ನೇ ಸೆಕ್ಷನ್ ಅನ್ವಯವಾಗುವಂತೆ ನೋಡಿಕೊಳ್ಳುವುದು ಸರ್ಕಾರದ್ದೇ ಹೊಣೆ. ಕಲಿಕೆಯ ತೊಡಕನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಬೋಧನೆಯ ಕ್ರಮ ಕೈಗೊಳ್ಳಿ ಎನ್ನುತ್ತದೆ ಆ ಸೆಕ್ಷನ್. ಇದು ಎಲ್ಲ ಶಾಲೆಯಲ್ಲೂ ಜಾರಿಯಾಗಲಿ ಎಂದು ಆಕ್ಷೇಪಿಸುವವರ ಜೊತೆ ನಾನೂ ಬೀದಿಗಿಳಿಯಲು ಸಿದ್ಧ. ಆದರೆ ಅದು ಜಾರಿಯಾಗುವ ತನಕ ನಿಮ್ಮ ಮಗ ಒಂಬತ್ತನೇ ತರಗತಿಯಲ್ಲೇ ಕೂತಿರಲಿ ಎಂದು ಯಾವ ತಾಯಿಗೂ ನಾನು ಹೇಳಲಾರೆ. ಶಾಲೆ ಬದಲಿಸಲಾಗದವರು ಮಗುವಿನ ಕಲಿಕೆಯ ತೊಡಕಿನ ಪ್ರಮಾಣಪತ್ರದ ನಕಲು ಲಗತ್ತಿಸಿ, ಹೆಚ್ಚಿನ ಸಮಯ, ಭಾಷೆಯ ವಿನಾಯಿತಿ, ಬರೆದುಕೊಡುವವರ ನೆರವು ಬೇಕೆಂದು ಈಗಿರುವ ಶಾಲೆಯ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲೇ ಅರ್ಜಿ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ "ನೋಡೋಣ" ಎಂದರೆ ಒಪ್ಪಬೇಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅದೇ ಅರ್ಜಿಯ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕಚೇರಿಗೆ ಕೊಟ್ಟು, ಅಲ್ಲೂ ಮೊಹರು ಹಾಕಿಸಿಕೊಳ್ಳಿ.