ನಾಲ್ಕು ಭಾಷೆಯ ತಪ್ಪಲ್ಲ, ತಾಯಿಯ ತಪ್ಪಲ್ಲ

ಹೋದ ವರ್ಷ ಗದಗಿನಲ್ಲಿ ನಮ್ಮ ಬಳಗದ ಒಂದು ಮದುವೆ. ನನ್ನ ಒಂಬತ್ತು ವರ್ಷದ ಮೊಮ್ಮಗ ವಾಲಗದ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗಾಡುತ್ತಿದ್ದ. ಪಂಕ್ತಿಯಲ್ಲಿ ನನ್ನ ಮಗಳ ಪಕ್ಕ ಕುಳಿತ ಹಿರಿಯರೊಬ್ಬರು ಅಂದರು: "ಅಲ್ಲವಾ, ಇವಗ ಇನ್ನೂ ಮಾತು ಬಂದಿಲ್ಲೇನು? ಮನ್ಯಾಗ ಕನ್ನಡ, ಓಣ್ಯಾಗ ಹಿಂದಿ, ಸಾಲ್ಯಾಗ ಇಂಗ್ಲಿಷ್, ಮ್ಯಾಲ ಮರಾಠಿ. ನಾಕ ಭಾಷೆ ತಲಿಗೆ ತುರುಕಿದ್ರ ಯಾವ್ದು ಬಾಯಿಗೆ ಬರ್ತದ? ತಾಯಿ ನೌಕರಿಗೆ ಹೋಗ್ತಾಳ, ಹಿಂದ ಮುಂದ ನಮ್ಮ ಮಂದಿ ಇಲ್ಲ. ಊರು ಬಿಟ್ಟರ ಹಿಂಗ ಆಗೂದು." ಮಗಳು ಅರ್ಧ ಊಟಕ್ಕೆ ಎದ್ದಳು. ನಾನು ಸುಮ್ಮನಿದ್ದೆ. ಶುಭಕಾರ್ಯದಲ್ಲಿ ಮಾತು ಬೆಳೆಸಬಾರದೆಂಬ ಸಂಕೋಚ. ಅಲ್ಲಿ ಕೊಡದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ನಾನು ಬೆಟಗೇರಿಯವನು. ಎಂ.ಕಾಂ. ಮುಗಿಸಿ ಬ್ಯಾಂಕ್ ಸೇರಿದೆ, ವರ್ಗವಾಗಿ ಭಿವಂಡಿಗೆ ಬಂದೆ, ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ನೇಕಾರರ ಊರಿನಿಂದ ನೇಕಾರರ ಊರಿಗೆ ಬಂದ ಹಾಗಾಯಿತು. ಅಲ್ಲಿ ಕೈಮಗ್ಗ, ಇಲ್ಲಿ ಹಗಲೂ ರಾತ್ರಿ ಪವರ್‌ಲೂಮ್. ಆ ಖಟಪಟ ನನಗೆ ಜೋಗುಳದಂತೆ. ಮೊಮ್ಮಗನಿಗೆ ಅದೇ ಸದ್ದು ಹಿಂಸೆ. ಅವನು ಕರೆದರೆ ತಿರುಗುತ್ತಿರಲಿಲ್ಲ, ಬೆರಳು ಮಾಡಿ ತೋರಿಸುತ್ತಿರಲಿಲ್ಲ, ಚಮಚಗಳನ್ನು ಸಾಲಾಗಿ ಇಡುತ್ತ ಗಂಟೆಗಟ್ಟಲೆ ಕೂರುತ್ತಿದ್ದ. ಮೂರು ವರ್ಷಕ್ಕೆ ಠಾಣೆಯ ವೈದ್ಯರು ಆಟಿಸಂ ಎಂದರು. ಅದೇ ಹುಡುಗ ಇವತ್ತು ಗೋದಾಮಿಗೆ ಬಂದ ಲಾರಿಗಳ ನಂಬರನ್ನು ಸಂಜೆ ಸ್ಲೇಟಿನ ಮೇಲೆ ಒಂದೂ ತಪ್ಪಿಲ್ಲದೆ ಬರೆಯುತ್ತಾನೆ. ಆಟಿಸಂ ಅಂದರೆ ಹಟ ಅಲ್ಲ, ಹುಚ್ಚಲ್ಲ, ಬೆಳೆಸಿದ ದೋಷವೂ ಅಲ್ಲ. ಹುಟ್ಟಿನಿಂದಲೇ ಮೆದುಳು ಬೇರೆ ರೀತಿಯಲ್ಲಿ ಬೆಳೆಯುವುದು, ಅಷ್ಟೆ.

ಮೊದಲ ಆರೋಪ ತಾಯಿಯ ಮೇಲಿನದು. ಇದೇನೂ ಹೊಸದಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಆಮೇಲೆ ಅಲ್ಲಿಯ ಪಂಡಿತರು ತಾಯಂದಿರ ಬೆನ್ನು ಹತ್ತಿದರು. ಪ್ರೀತಿಯಿಲ್ಲದ ತಾಯಿ, ಫ್ರಿಜ್ಜಿನಂಥ ತಾಯಿ ಅಂದರು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಇದನ್ನೇ ಪುಸ್ತಕ ಮಾಡಿದ. ಆದರೆ ಅದಕ್ಕೂ ಮೊದಲು, 1964ರಲ್ಲೇ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ ಈ ವಾದವನ್ನು ಪುಸ್ತಕ ಬರೆದೇ ಖಂಡಿಸಿದ್ದರು. ಅವರ ಮಗನಿಗೂ ಆಟಿಸಂ ಇತ್ತು. 1977ರಲ್ಲಿ ಬ್ರಿಟನ್ನಿನಲ್ಲಿ ಅವಳಿ ಮಕ್ಕಳ ಅಧ್ಯಯನ ನಡೆದು, ಕಾರಣದ ದೊಡ್ಡ ಪಾಲು ವಂಶವಾಹಿಯಲ್ಲಿದೆ ಎಂದು ತೋರಿತು. ಅವರು ಅರ್ಧ ಶತಮಾನದ ಹಿಂದೆ ಕಸದ ಬುಟ್ಟಿಗೆ ಹಾಕಿದ್ದನ್ನು ನಾವು ಹೆಕ್ಕಿ ತಂದು ಮದುವೆ ಪಂಕ್ತಿಯಲ್ಲಿ ಬಡಿಸುತ್ತಿದ್ದೇವೆ.

ಊರು ಬಿಟ್ಟಿದ್ದಕ್ಕೆ ಹೀಗಾಯಿತು ಅನ್ನುವವರಿಗೆ ಒಂದು ನೆನಪು ಹೇಳುತ್ತೇನೆ. ನಾನು ಸಣ್ಣವನಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಹುಡುಗನಿದ್ದ. ಮಾತಿಲ್ಲ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದಿನವೆಲ್ಲ ಒಂದು ಖಾಲಿ ಲಾಳಿ ಹಿಡಿದು ತಿರುಗಿಸುತ್ತಿದ್ದ. ನಾವು ಹುಡುಗರು ಅವನನ್ನು ಹುಚ್ಚ ಅಂತ ಕಲ್ಲು ಹೊಡೆದವರು. ನಾನೂ ಹೊಡೆದಿದ್ದೇನೆ. ಅವನ ತಾಯಿ ಬೆಟಗೇರಿ ಬಿಟ್ಟು ಎಲ್ಲೂ ಹೋದವಳಲ್ಲ, ಆ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆಯಿರಲಿಲ್ಲ, ಸುತ್ತ ಮೂವತ್ತು ಮಂದಿ ಬಂಧುಗಳಿದ್ದರು. ಅವನಿಗೇಕೆ ಮಾತು ಬರಲಿಲ್ಲ? ಆಗ ಯಾರೂ ಆಟಿಸಂ ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೆಯ ಆರೋಪ ಭಾಷೆಯದು. ಇದು ನಮ್ಮಂಥ ಹೊರನಾಡಿನವರ ಮನೆಗೆ ನೇರವಾಗಿ ತಾಗುತ್ತದೆ. ಬಂಧುಗಳು ಹೇಳಿದ್ದರೆ ಸಹಿಸುತ್ತಿದ್ದೆ, ಫೀ ತೆಗೆದುಕೊಂಡವರೂ ಇದನ್ನೇ ಹೇಳಿದರು. ಮೊದಲು ಹೋದ ಒಂದು ಥೆರಪಿ ಕೇಂದ್ರದಲ್ಲಿ, "ಮಗುವಿಗೆ ಗೊಂದಲ ಆಗುತ್ತದೆ, ಮನೆಯಲ್ಲಿ ಒಂದೇ ಭಾಷೆ ಇರಲಿ, ಇಂಗ್ಲಿಷ್ ಆದರೆ ಶಾಲೆಗೂ ಅನುಕೂಲ" ಅಂದರು. ನಾವು ಹದಿನಾಲ್ಕು ತಿಂಗಳು ಪಾಲಿಸಿದೆವು. ನನ್ನ ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲ, ಹಿಂದಿ ತರಕಾರಿ ಕೊಳ್ಳುವಷ್ಟು. ಮೊಮ್ಮಗನ ಮುಂದೆ ಬಾಯಿ ಬಿಟ್ಟರೆ ಎಲ್ಲಿ ಕೆಡುಕಾಗುವುದೋ ಎಂದು ಆಕೆ ಊಟ ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು. ಮಾತಿಲ್ಲದವರು ಮನೆಯಲ್ಲಿ ಇಬ್ಬರಾದರು.

ಆಮೇಲೆ ಸಿಕ್ಕ ಇನ್ನೊಬ್ಬ ವಾಕ್ ತಜ್ಞೆ ನಮ್ಮನ್ನು ಬೈದೇ ಬಿಟ್ಟರು. "ದಿನದ ಹೆಚ್ಚು ಹೊತ್ತು ಮಗುವಿನ ಜೊತೆ ಇರುವವರ ಬಾಯಿಯನ್ನೇ ಮುಚ್ಚಿಸಿದರೆ ಅದು ಯಾರಿಂದ ಕಲಿಯಬೇಕು?" 2012ರಲ್ಲಿ ಕೆನಡಾದ ಸಂಶೋಧಕರು ಆಟಿಸಂ ಇರುವ ಮಕ್ಕಳನ್ನು ಪರೀಕ್ಷಿಸಿ, ಎರಡು ಭಾಷೆಯ ಮನೆಯವರು ಒಂದು ಭಾಷೆಯ ಮನೆಯವರಿಗಿಂತ ಮಾತಿನಲ್ಲಿ ಹಿಂದೆ ಬಿದ್ದಿಲ್ಲ ಎಂದು ಪ್ರಕಟಿಸಿದ್ದಾರೆ. ಮುಂದಿನ ಅಧ್ಯಯನಗಳೂ ಆ ಕಡೆಗೇ ಇವೆ. ನಮ್ಮ ಮನೆಗೆ ಕನ್ನಡ ವಾಪಸ್ಸು ಬಂತು. ಕೆಲವು ತಿಂಗಳ ಮೇಲೆ ಅಜ್ಜಿ ಎರಡನೇ ರೊಟ್ಟಿ ಹಾಕಲು ಹೋದಾಗ ಅವನು ತಟ್ಟೆಗೆ ಕೈ ಅಡ್ಡ ಹಿಡಿದು "ಬ್ಯಾಡ" ಅಂದ. ಇದನ್ನು ಪವಾಡ ಅನ್ನಬೇಡಿ. ಇವತ್ತಿಗೂ ಅವನ ಮಾತು ಹತ್ತಿಪ್ಪತ್ತು ಶಬ್ದ, ಉಳಿದದ್ದಕ್ಕೆ ಚಿತ್ರದ ಕಾರ್ಡುಗಳು. ಆದರೆ ಅವನಿಗೆ ಅಜ್ಜಿ ಸಿಕ್ಕಿದಳು.

ಹಾಗಾದರೆ ಆಸರೆ ಅಂದರೇನು? ದೊಡ್ಡದೇನಲ್ಲ. ನಾಳೆ ಏನೇನು ನಡೆಯುತ್ತದೆ ಎಂದು ಇವತ್ತೇ ಚಿತ್ರದಲ್ಲಿ ತೋರಿಸುವುದು. ದಾರಿ ಬದಲಾಗುವುದಿದ್ದರೆ ಮೊದಲೇ ತಿಳಿಸುವುದು. ಅಂಜೂರ್‌ಫಾಟಾದ ಟ್ರಾಫಿಕ್ಕಿನಲ್ಲಿ ರಿಕ್ಷಾದವನು ಹೇಳದೆ ಬೇರೆ ಗಲ್ಲಿಗೆ ತಿರುಗಿಸಿದರೆ ಇವನು ಕಿರುಚುತ್ತಾನೆ. ಅದು ಹಟವಲ್ಲ, ಭಯ. ಮುಖ ಹಿಡಿದು "ನನ್ನ ಕಣ್ಣು ನೋಡು" ಎಂದು ಒತ್ತಾಯಿಸದಿರುವುದು. ನಮ್ಮ ಗಲ್ಲಿಯ ಲೂಮಿನ ಮಾಲೀಕರು ಉರ್ದು ಮಾತಾಡುವವರು. ಒಂದು ದಿನ ಹುಡುಗ ಕಿವಿ ಮುಚ್ಚಿಕೊಂಡು ನಿಂತದ್ದನ್ನು ಕಂಡರು. ಅಂದಿನಿಂದ ಅವನು ಶಾಲೆಗೆ ಹೋಗುವ ಹೊತ್ತಿಗೆ ಕಾರ್ಖಾನೆಯ ಬಾಗಿಲು ಎಳೆದುಕೊಳ್ಳುತ್ತಾರೆ. ಯಾಕೆ ಹೀಗೆ ಅಂತ ಅವರು ಕೇಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ನಮ್ಮ ಮಂದಿ ಇಲ್ಲ ಅಂದಿರಲ್ಲ, ಇವರು ಯಾರ ಮಂದಿ?

ಕಾನೂನಿನ ಮಾತನ್ನೂ ಹೇಳಬೇಕು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಸೇರಿತು. ಸರ್ಕಾರದ ಮಾನ್ಯತೆ ಪಡೆದ ಶಾಲೆ ಇಂಥ ಮಗುವನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು. ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ, ಥೆರಪಿಯ ಖರ್ಚು ಸಿಗುತ್ತದೆ. ಹದಿನೆಂಟು ತುಂಬಿದ ಮೇಲೆ ಪಾಲಕತ್ವಕ್ಕೆ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. 2009ರಲ್ಲಿ ನನ್ನ ಕೌಂಟರಿಗೆ ಒಬ್ಬ ತಾಯಿ ಬಂದರು, ಜೊತೆಗೆ ಇಪ್ಪತ್ತರ ಮಗ. ಸಮಿತಿ ಕೊಟ್ಟ ಪಾಲಕತ್ವದ ಪತ್ರ ಕೈಯಲ್ಲಿತ್ತು, ಮಗನ ಹೆಸರಿನಲ್ಲಿ ಖಾತೆ ಬೇಕಿತ್ತು. ಹುಡುಗ ಕೌಂಟರಿನ ಗಾಜನ್ನು ಒಂದೇ ಸಮ ಬಡಿಯುತ್ತಿದ್ದ, ಕ್ಯೂದಲ್ಲಿದ್ದವರು ಗೊಣಗುತ್ತಿದ್ದರು. "ಇದು ನಡೆಯೋದಿಲ್ಲ, ಕೋರ್ಟಿನಿಂದ ಆದೇಶ ತನ್ನಿ" ಎಂದು ಕಳಿಸಿದೆ. ಸಮಿತಿಯ ಪತ್ರವನ್ನು ಒಪ್ಪಿ ಖಾತೆ ತೆರೆಯಬಹುದೆಂದು ರಿಸರ್ವ್ ಬ್ಯಾಂಕ್ 2007ರ ನವೆಂಬರಿನಲ್ಲೇ ಸುತ್ತೋಲೆ ಕಳಿಸಿತ್ತು. ಅದು ನನ್ನ ಬೆನ್ನ ಹಿಂದಿನ ಫೈಲಿನಲ್ಲಿತ್ತು, ನಾನು ಓದಿರಲಿಲ್ಲ. ಆ ತಾಯಿ ಮತ್ತೆ ಬರಲಿಲ್ಲ. ಆದ್ದರಿಂದ ನಿಮಗಿಂತ ನಾನು ಮೇಲಿನವನು ಎಂದು ಇದನ್ನು ಬರೆಯುತ್ತಿಲ್ಲ. ನನ್ನ ಮನೆಗೆ ಬರುವ ತನಕ ನನಗೂ ತಿಳಿದಿರಲಿಲ್ಲ. ನಿಮ್ಮ ಮನೆಗೆ ಬರುವ ತನಕ ನೀವು ಕಾಯಬೇಡಿ ಅನ್ನುವುದಷ್ಟೇ ನನ್ನ ಮಾತು.

ಬರುವ ಮೇ ತಿಂಗಳಲ್ಲಿ ನಾವು ಊರಿಗೆ ಬರುತ್ತೇವೆ. ಮಗಳು ಒಲ್ಲೆ ಅನ್ನುತ್ತಿದ್ದಾಳೆ, ನಾನು ಒಪ್ಪಿಸುತ್ತೇನೆ. ಬಂದಾಗ "ಮಾತು ಯಾವಾಗ ಬರ್ತದ" ಎಂದು ಅವಳನ್ನು ಕೇಳಬೇಡಿ. ತಾಯತ, ಹರಕೆ, ಇನ್ನೊಬ್ಬರ ಮೊಮ್ಮಗನ ಕಥೆ ಬೇಡ. ಒಂದು ಸದ್ದಿಲ್ಲದ ಕೋಣೆ ಬಿಟ್ಟುಕೊಡಿ, ಟಿ.ವಿ. ಸಣ್ಣದು ಮಾಡಿ, ಅವನು ಸಾಲಾಗಿಟ್ಟ ಚಮಚಗಳನ್ನು ಎತ್ತಬೇಡಿ. ಅವನ ಜೊತೆ ಕನ್ನಡದಲ್ಲೇ ಮಾತಾಡಿ, ನಿಧಾನವಾಗಿ, ಸಣ್ಣ ಸಣ್ಣ ಮಾತು. ಉತ್ತರ ಬರದಿದ್ದರೂ ಮಾತಾಡಿ. ಎರಡನೇ ರೊಟ್ಟಿಗೆ "ಬ್ಯಾಡ" ಅಂದರೆ ಒತ್ತಾಯ ಮಾಡಬೇಡಿ. ಆ ಶಬ್ದಕ್ಕೆ ನಾವು ಐದು ವರ್ಷ ಕಾದಿದ್ದೇವೆ.