ಮಚ್ಚೆ ತೆಗೆಸಿದ ಮೇಲೆ

ಅರ್ಜಿ ನಮೂನೆಗಳಲ್ಲಿ ‘ಗುರುತಿನ ಚಿಹ್ನೆ’ ಎಂಬ ಕಾಲಂ ಇರುತ್ತದಲ್ಲ, ಅದನ್ನು ತುಂಬಿಸುವಾಗ ಮಕ್ಕಳ ಮುಖವನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಕಂಪ್ಲಿ ಕಡೆಯ ಹುಡುಗಿಯೊಬ್ಬಳಿಗೆ ‘ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ’ ಎಂದು ನಾನೇ ಬರೆದಿದ್ದೆ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಅವಳು ಅದನ್ನು ಲೇಸರ್‌ನಿಂದ ತೆಗೆಸಿಕೊಂಡಳು. ಟಿ.ಸಿ. ಪಡೆಯಲು ಬಂದಾಗ ಮಚ್ಚೆ ಇರಲಿಲ್ಲ. ಆ ಜಾಗದಲ್ಲಿ ಮಚ್ಚೆಗಿಂತ ಅಗಲವಾದ ಕಂದು ಕಲೆ ಇತ್ತು. ‘ಲೇಸರ್ ಸರಿಯಾಗಿ ಮಾಡಿಲ್ಲ ಅಂತಾರೆ ಸಾರ್ ಅಮ್ಮ’ ಎಂದಳು. ವಿಚಾರಿಸಿದರೆ, ಮಚ್ಚೆ ತೆಗೆಸಿದ ಐದನೇ ದಿನವೇ ಮನೆಮಂದಿಯೊಂದಿಗೆ ಹಂಪಿ ಜಾತ್ರೆಗೆ ಹೋಗಿ ಹಗಲಿಡೀ ಬಿಸಿಲಲ್ಲಿ ತಿರುಗಿದ್ದಳು. ತುರಿಕೆ ತಾಳದೆ ಹಕ್ಕಳೆಯನ್ನೂ ಕಿತ್ತಿದ್ದಳು.

ಲೇಸರ್ ಎಂದರೆ ಏನೋ ಮಾಯೆ, ಗಾಯವೇ ಆಗುವುದಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಉಬ್ಬಿದ ಮಚ್ಚೆಗೆ ಸಾಮಾನ್ಯವಾಗಿ ಬಳಸುವುದು ಇಂಗಾಲದ ಡೈಆಕ್ಸೈಡ್ ಲೇಸರ್. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ.ಕೆ.ಎನ್. ಪಟೇಲ್. ಇದರ ಕಿರಣವನ್ನು ಜೀವಕೋಶದಲ್ಲಿರುವ ನೀರು ಹೀರಿಕೊಳ್ಳುತ್ತದೆ, ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ, ಕೋಶವೂ ಅದರೊಂದಿಗೇ ಹೋಗುತ್ತದೆ. ಉಳಿಯುವುದು ಒಂದು ಸಣ್ಣ ಸುಟ್ಟ ಗಾಯ, ಅಷ್ಟೇ.

ನಮ್ಮ ಹಳ್ಳಿಗಳಲ್ಲಿ ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಮಚ್ಚೆಗೆ ಹಚ್ಚುವುದುಂಟು. ಹತ್ತನೇ ತರಗತಿಯವರು ಸಮೀಕರಣ ಬರೆದು ನೋಡಿ: ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಸೋಡಿಯಂ ಕಾರ್ಬೊನೇಟ್ ಸೇರಿದರೆ ಸಿಗುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಅದು ಎಷ್ಟು ಆಳಕ್ಕೆ ಸುಡುತ್ತದೆ ಎಂಬುದು ಹಚ್ಚಿದವರ ಕೈಯಲ್ಲಿರುವುದಿಲ್ಲ. ದಯವಿಟ್ಟು ಮುಖದ ಮೇಲೆ ಈ ಪ್ರಯೋಗ ಬೇಡ.

ಇನ್ನು ಗಾಯ ಮಾಯುವ ಬಗೆ. ಗಾಳಿಗೆ ಬಿಟ್ಟು ಒಣಗಿಸಬೇಕೆಂದು ನನ್ನ ತಾಯಿ ಹೇಳುತ್ತಿದ್ದರು, ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ಪೊರೆ ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುವುದನ್ನು ತೋರಿಸಿದರು. ಗಾಯದ ಅಂಚಿನಿಂದ ಮತ್ತು ಕೂದಲ ಬುಡಗಳಿಂದ ಹೊಸ ಕೋಶಗಳು ತೆವಳುತ್ತಾ ಬರುತ್ತವೆ. ತೇವವಿದ್ದರೆ ದಾರಿ ಸಲೀಸು; ಗಟ್ಟಿ ಹಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಹೋಗಬೇಕು. ಆದ್ದರಿಂದಲೇ ವೈದ್ಯರು ದಿನವೂ ಮೆಲ್ಲಗೆ ತೊಳೆದು, ತೆಳುವಾಗಿ ಮುಲಾಮು ಇಲ್ಲವೇ ವ್ಯಾಸಲೀನ್ ಸವರಿ ಮುಚ್ಚಿಡಲು ಹೇಳುವುದು. ಆದರೂ ಹಕ್ಕಳೆ ಕಟ್ಟಿದರೆ ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಕಿತ್ತರೆ ಅದರೊಂದಿಗೆ ಹೊಸ ಚರ್ಮವೂ ಕಿತ್ತು ಬರುತ್ತದೆ. ಅರಿಶಿನ, ಟೂತ್‌ಪೇಸ್ಟ್, ಕಾಫಿಪುಡಿ ಯಾವುದೂ ಬೇಡ. ನೋವು ದಿನೇ ದಿನೇ ಹೆಚ್ಚಿದರೆ, ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ ವೈದ್ಯರ ಬಳಿಗೆ ಹೋಗಬೇಕು.

ಹಕ್ಕಳೆ ಉದುರಿತು, ಎಲ್ಲ ಮುಗಿಯಿತು ಎಂದು ನಾವು ತಪ್ಪು ಮಾಡುವುದು ಇಲ್ಲೇ. ಅಡಿಯ ನಸುಗೆಂಪು ಚರ್ಮದಲ್ಲಿ ಉರಿಯೂತ ವಾರಗಟ್ಟಲೆ ಇರುತ್ತದೆ. ಅದರ ಮೇಲೆ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ವರ್ಣಕೋಶಗಳು ಮೆಲನಿನ್ ಎಂಬ ವರ್ಣಕವನ್ನು ಅತಿಯಾಗಿ ತಯಾರಿಸುತ್ತವೆ. ಗೋಧಿ, ಕಪ್ಪು ಮೈಬಣ್ಣದ ನಮ್ಮಲ್ಲಿ ಇದು ಇನ್ನೂ ಹೆಚ್ಚು. ಹೊಸಪೇಟೆ, ಹಂಪಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಲ್ಲಿ ಒಂದು ದಿನ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಅಂಗಳದಲ್ಲಿ ಕೋಲು ನೆಟ್ಟರೆ ನೆರಳು ಕಾಣದು. ಮಕ್ಕಳಿಗೆ ಪ್ರತಿವರ್ಷ ತೋರಿಸಬೇಕೆಂದರೆ ಅವರಿಗೆ ರಜೆ! ಪಾಲಕರು ಮಚ್ಚೆ ತೆಗೆಸಲು ಆರಿಸಿಕೊಳ್ಳುವುದು ಆ ರಜೆಯನ್ನೇ, ಮದುವೆ ಜಾತ್ರೆಗಳೂ ಆಗಲೇ. ಮಳೆಗಾಲದ ಕೊನೆಗೋ ದಸರಾ ರಜೆಗೋ ಮಾಡಿಸಿದರೆ ಅನುಕೂಲ. ಬೇಸಿಗೆಯಲ್ಲೇ ಆಗಬೇಕೆಂದರೆ ಕೊಡೆ, ಟೊಪ್ಪಿಗೆ, ದುಪಟ್ಟಾ ಬೇಕು. ಚರ್ಮ ಕೂಡಿದ ಮೇಲೆ ಎಸ್‌ಪಿಎಫ್ 30ರ ಅಥವಾ ಅದಕ್ಕೂ ಮೇಲಿನ ಸನ್‌ಸ್ಕ್ರೀನ್. ಸಂಡೂರಿನ ಅದಿರು ರಸ್ತೆಗಳ ಕೆಂಧೂಳಿನಲ್ಲಿ ಬೈಕ್ ಓಡಿಸುವ ಹುಡುಗರು ಗಾಯ ಮಾಯುವವರೆಗೆ ಅದನ್ನು ಮುಚ್ಚಿಕೊಂಡೇ ಹೋಗಲಿ.

ಪಾಲಕರಿಗೆ ಇನ್ನೊಂದು ಮಾತು. ಇದು ಕಲೆಗಿಂತ ದೊಡ್ಡ ಸಂಗತಿ. ಲೇಸರ್ ಮಚ್ಚೆಯನ್ನು ಆವಿ ಮಾಡುವುದರಿಂದ ಸೂಕ್ಷ್ಮದರ್ಶಕದಡಿ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಬೆಳೆಯುತ್ತಿರುವ, ಬಣ್ಣ ಬದಲಾಗುತ್ತಿರುವ, ರಕ್ತ ಒಸರುವ ಮಚ್ಚೆಯಾದರೆ ಚರ್ಮವೈದ್ಯರು ನೋಡದೆ ಸುಡಿಸಬಾರದು. ಅಂಥದ್ದನ್ನು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತದೆ. ಮಚ್ಚೆಯ ಕ್ಯಾನ್ಸರ್ ನಮ್ಮಲ್ಲಿ ಅಪರೂಪ, ಆದರೆ ಬಂದಾಗ ಅಂಗಾಲಿನಲ್ಲಿ ಬರುವುದು ಹೆಚ್ಚು. ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವ ಹಿರಿಯರ ಪಾದವನ್ನು ಒಮ್ಮೆ ತಿರುಗಿಸಿ ನೋಡಿ. ತೆಗೆಸಿದ ಜಾಗದಲ್ಲೇ ಮತ್ತೆ ಕಪ್ಪು ಮೂಡಿದರೂ ತೋರಿಸಬೇಕು.

ಆ ಹುಡುಗಿ ಚರ್ಮವೈದ್ಯರ ಸಲಹೆಯಂತೆ ಬಿಸಿಲಿನಿಂದ ಕಾಪಾಡಿಕೊಂಡಳು. ಕಲೆ ಮಾಸಲು ಒಂದು ವರ್ಷದ ಮೇಲೆಯೇ ಹಿಡಿಯಿತು. ದ್ವಿತೀಯ ಪಿಯುಸಿಯಲ್ಲಿದ್ದಾಗ ಮತ್ತೊಂದು ಅರ್ಜಿ ಹಿಡಿದು ಬಂದಳು: ‘ಸಾರ್, ಈಗ ಗುರುತಿನ ಚಿಹ್ನೆ ಏನು ಬರೀಲಿ?’ ಹುಡುಕಿ ಹುಡುಕಿ, ಕೊನೆಗೆ ಮೊಣಕೈ ಮೇಲಿದ್ದ, ಸೈಕಲ್‌ನಿಂದ ಬಿದ್ದ ಗಾಯದ ಗುರುತು ಬರೆದೆವು.