ಬೂದಿಯೊಳಗಿನ ಕೆಂಡ

ನಮ್ಮ ಕುಡತಿನಿಯ ಬೂದಿದಿಬ್ಬವನ್ನು ಬರಿಯ ಕಸವೆಂದು ಬಗೆದವರುಂಟು. ಶೋಧಕರು ಅದರಲ್ಲಿಯೇ ನವಶಿಲಾಯುಗದ ಗೋಪಾಲಕರ ಬಾಳನ್ನು ಕಂಡರು. ಬಳ್ಳಾರಿ ರಾಘವರ (1880–1946) ತೆಲುಗು ಚಲಚ್ಚಿತ್ರಗಳಿಗೂ ಇಂತಹ ಮರುನೋಟವು ಸಲ್ಲಬೇಕು. ನಮ್ಮ ತಾತಂದಿರು ರಂಗಭೂಮಿಯ ರಾಘವರನ್ನು ಕೊಂಡಾಡಿ, ಚಿತ್ರಗಳನ್ನು ಹಳಿಯುತ್ತಿದ್ದರು. 1936ರ ‘ದ್ರೌಪದೀ ಮಾನಸಂರಕ್ಷಣಂ’ ತನ್ನ ಪ್ರತಿಸ್ಪರ್ಧಿಯಾದ ‘ದ್ರೌಪದೀ ವಸ್ತ್ರಾಪಹರಣಂ’ ಚಿತ್ರದೆದುರು ಸೋತುದು ನಿಜ. ಆದರೆ 1939ರ ‘ರೈತುಬಿಡ್ಡ’ದಲ್ಲಿ ಅವರದು ಜಮೀನ್ದಾರಿಯ ದರ್ಪಕ್ಕೆ ಮಣಿಯದ ರೈತನ ಪಾತ್ರ, ಆ ಚಿತ್ರಕ್ಕೆ ಜಮೀನ್ದಾರರೇ ಅಡ್ಡಿಯೊಡ್ಡಿದರು. ಸೋತ ಬಾಲಕನ ಉತ್ತರಪತ್ರಿಕೆಯನ್ನೂ ಉಪಾಧ್ಯಾಯನು ಕಡೆಯವರೆಗೆ ಓದಬೇಡವೆ? ವಾಚಕರೇ, ರಂಗದ ಮೇಲಣ ಅಭಿನಯವು ಪರದೆ ಬಿದ್ದೊಡನೆ ಅಳಿಯಿತು. ತಾತಂದಿರು ಕಂಡ ರಾಘವರನ್ನು ನಾನು ಕಾಣೆನು. ನನಗೂ ನನ್ನ ಮೊಮ್ಮಕ್ಕಳಿಗೂ ಉಳಿದಿರುವುದು ಬೆಳ್ಳಿತೆರೆಯ ಆ ನೆರಳೊಂದೇ. ಅದನ್ನು ಗುಣಗ್ರಾಹಿಗಳಾಗಿ ನೋಡೋಣ.